ಅಣಬೆಯ ಗುರುತು

ಗುಡುಗಿದರೆ ಅಣಬೆ ಏಳುವದೆಂದು ನಮ್ಮ ನಾಡಿನಲ್ಲಿ ಹಳೆಯ ಮಾತುಂಟು. ತುಳುವರು ಅಲಂಬು, ಕೊಡವರು ಕುಮ್ಮು ಎಂದು ಕರೆಯುವ ಈ ಪದಾರ್ಥವು ಗುಡುಗಿನಿಂದ ಹುಟ್ಟುವದಲ್ಲ. ಗುಡುಗಿನ ಸಂಗಡ ಬರುವ ಮಳೆಯ ತೇವವೇ ಕಾರಣವು. ಹುತ್ತದ ಅಣಬೆಯ ಸಂಗತಿಯಂತೂ ಆಶ್ಚರ್ಯಕರವಾದದ್ದು. ಗೆದ್ದಲುಗಳು ನೆಲದೊಳಗೆ ತೋಟಮಾಡಿ ಅದನ್ನು ಸಾಕುತ್ತವೆ. ಅದರ ಕಾಲು ಬೇರಿನಂತೆ ನೀಳವಾಗಿ ಆ ತೋಟದ ವರೆಗೂ ಇಳಿದಿರುವದು. 1942ರಲ್ಲಿ ಫ್ರಾನ್ಸಿನ ಶಾಸ್ತ್ರಜ್ಞ ರೋಜೆ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸೀಸ್ ಎಂಬ ಹೆಸರನ್ನಿಟ್ಟರು.

ಬೇಯುವ ಪಾತ್ರೆಯಲ್ಲಿಟ್ಟ ಬೆಳ್ಳಿಯ ನಾಣ್ಯವು ಕಪ್ಪಾಗದಿದ್ದರೆ ವಿಷವಿಲ್ಲವೆಂತಲೂ, ಹುಳ ತಿಂದದ್ದನ್ನು ಮನುಷ್ಯರೂ ತಿನ್ನಬಹುದೆಂತಲೂ ನಮ್ಮ ಬಾಲಿಕೆಯರು ಮನೆಗಳಲ್ಲಿ ಕೇಳಿ ಬಂದಿರುತ್ತಾರೆ. ಇವೆರಡೂ ನಂಬತಕ್ಕವುಗಳಲ್ಲ. ಅಮಾನಿಟ ಕುಲದ ಮರಣಕರವಾದ ಅಣಬೆಗಳ ವಿಷವು ಬೆಳ್ಳಿಯನ್ನು ಕಪ್ಪಾಗಿಸದು, ಕುದಿಸಿದರೂ ಕೆಡದು. ಉಂಡವರಿಗೆ ಸಾಧಾರಣವಾಗಿ 6 ತಾಸುಗಳಿಗಿಂತ ಹೆಚ್ಚು ಹೊತ್ತು ಏನೂ ತೋರದೆ, ಅನಂತರ ವಾಂತಿಭೇದಿ ಹಿಡಿದು, ನಡುವೆ ಗುಣವಾದಂತೆ ಕಂಡು, ಆಮೇಲೆ ಯಕೃತ್ತು ಕೆಡುವದು. ಆ ನಡುವಣ ಸಮಾಧಾನವನ್ನು ನಂಬಿ ವೈದ್ಯರ ಬಳಿಗೆ ಹೋಗದೆ ಉಳಿಯುವದೇ ಮಹಾ ಅಪಾಯವೆಂದು ತಾಯಂದಿರಿಗೆ ತಿಳಿಸಬಯಸುತ್ತೇವೆ.

ಹುಲ್ಲುನೆಲದಲ್ಲಿ ಏಳುವ ದೊಡ್ಡ ಬಿಳಿಕೊಡೆಯೊಂದುಂಟು. ನೋಟಕ್ಕೆ ಒಳ್ಳೆಯ ಅಣಬೆಯಂತೆಯೇ ಇರುವದು. ಬಲಿತ ಕೊಡೆಯನ್ನು ಬಿಳಿ ಕಾಗದದ ಮೇಲೆ ರಾತ್ರಿಯೆಲ್ಲ ಇಟ್ಟರೆ ಹಸುರು ಹುಡಿ ಬೀಳುವದು. ಅದು ವಿಷದ್ದು. ಬಿಳಿ ಹುಡಿ ಬಿದ್ದ ಮಾತ್ರಕ್ಕೆ ನಿರ್ಭಯವೆನ್ನಲಾಗದು. ಅಮಾನಿಟದ ಹುಡಿಯೂ ಬಿಳಿಯೇ. ಆದಕಾರಣ ಈ ಪರೀಕ್ಷೆಯನ್ನು ನಾವು ತರಗತಿಯಲ್ಲಿ ಮಾಡಿಸುತ್ತೇವೆಯೇ ಹೊರತು, ಅಡಿಗೆಮನೆಗೆ ಒಪ್ಪಿಸುವದಿಲ್ಲ.