ಏಳನೇ ತರಗತಿ ಆದ ಮೇಲೆ ಗಣಿತದ ದಾರಿ ಯಾವುದು?



ಈ ಸಲದ ಗೋಡೆ ಪತ್ರಿಕೆಗೆ ನಾನು ಗಣಿತದ ಬಗ್ಗೆ ಬರೆಯುತ್ತಿದ್ದೇನೆ. ಗಣಿತ ಅಂದ ಕೂಡಲೇ ಪಕ್ಕದ ಚಿತ್ರದ ಕಡೆ ಹೋಗಬ್ಯಾಡ್ರಿ, ಪೂರ್ತಿ ಓದ್ರಿ. ಯಾಕಂದ್ರ ಬರುವ ವರ್ಷ ಏಳನೆಯವರೆಲ್ಲ ಈ ಶಾಲೆ ಬಿಟ್ಟು ಎಂಟನೆಗೆ ಬೇರೆ ಕಡೆ ಹೋಗಬೇಕು. ಕೆಲವರು ಸಿಂಧನೂರಿಗೆ, ಕೆಲವರು ಮಸ್ಕಿಗೆ ಹೋಗ್ತಾರ. ಲಿಂಗಸುಗೂರಿನಲ್ಲಿ ಸೋದರಮಾವನ ಮನೆ ಇದ್ದವರು ಅಲ್ಲಿಗೆ ಹೋಗ್ತಾರ. ಯಾವ ಶಾಲೆಗೆ ಹೋಗಬೇಕು, ಯಾವ ಮಾಧ್ಯಮ ತಗೋಬೇಕು, ಗಣಿತ ಎಷ್ಟು ಓದಬೇಕು ಎಂಬ ಮಾತು ಎಲ್ಲರ ಮನೆಯಲ್ಲೂ ನಡೆದೈತಿ. ನಮ್ಮ ಮನೆಯಲ್ಲೂ ನಡೆದೈತಿ.

ಮೊದಲು ನಮ್ಮ ಅಕ್ಕನ ವಿಷಯ ಹೇಳುತ್ತೇನೆ. ಅವಳು ಹೇಳು ಅಂದಿದ್ದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ, ಸಮಾಜ ವಿಜ್ಞಾನದಲ್ಲಿ ಬಹಳ ಅಂಕ ಬಂದಿದ್ದವು. ಗಣಿತದಲ್ಲಿ ಮಾತ್ರ ಹೆಂಗೋ ಪಾಸಾದಳು. "ಇನ್ನ ಲೆಕ್ಕದ ಸಹವಾಸ ಬ್ಯಾಡ" ಅಂತ ಪಿಯುಸಿಯಲ್ಲಿ ಕಲಾ ವಿಭಾಗ ತಗೊಂಡಳು. ಆಮೇಲೆ ಡಿ.ಎಡ್. ಮುಗಿಸಿದಳು. ಪ್ರಾಥಮಿಕ ಶಾಲೆಯ ಟೀಚರ್ ಆಗಬೇಕಂದ್ರ ಟಿಇಟಿ ಪರೀಕ್ಷೆ ಪಾಸಾಗಬೇಕು. ಅದರ ಒಂದನೇ ಪತ್ರಿಕೆ 150 ಅಂಕಕ್ಕೆ ಇರುತ್ತದೆ. ಅದರಲ್ಲಿ ಗಣಿತ 30 ಅಂಕ! ಮೊದಲ ಸಲ ಅಕ್ಕ ಫೇಲಾದಳು. ಈಗ ರಾತ್ರಿ ಊಟ ಆದ ಮೇಲೆ ನನ್ನ ಏಳನೇ ತರಗತಿಯ ಗಣಿತ ಪುಸ್ತಕ ತಗೊಂಡು ಭಿನ್ನರಾಶಿ ಲೆಕ್ಕ ಮಾಡ್ತಾಳ. "ಇದನ್ನ ನಿನ್ನ ವಯಸ್ಸಿನಾಗ ತಿಳಕೊಂಡಿದ್ರ ನನಗ ಒಂದು ವರ್ಷ ಉಳೀತಿತ್ತು ನೋಡವ್ವ" ಅಂತಾಳ. ಅದಕ್ಕೇ ನಾನು ಗುರುಗಳನ್ನೂ ದೊಡ್ಡವರನ್ನೂ ಕೇಳಿ ಈ ವಿಷಯ ಕೂಡಿಸಿದೆ.

1. ಹತ್ತನೇ ತನಕ ದಾರಿ ಒಂದೇ

ನಮ್ಮ ರಾಜ್ಯದ ಪಠ್ಯದಲ್ಲಿ ಹತ್ತನೇ ತನಕ ಎಲ್ಲರಿಗೂ ಒಂದೇ ಗಣಿತ. ಜಾಣರಿಗೆ ಒಂದು ಪುಸ್ತಕ, ಉಳಿದವರಿಗೆ ಒಂದು ಪುಸ್ತಕ ಅಂತ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ 100 ಅಂಕ. ಅದರಲ್ಲಿ 80 ಬರವಣಿಗೆ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ.

ಸಿಬಿಎಸ್‌ಇ ಶಾಲೆಗಳಲ್ಲಿ ಹಾಗಲ್ಲ. ಅಲ್ಲಿ 2020ರ ಹತ್ತನೇ ಪರೀಕ್ಷೆಯಿಂದ ಗಣಿತಕ್ಕೆ ಎರಡು ಥರದ ಪ್ರಶ್ನೆಪತ್ರಿಕೆ ಇವೆ. ಒಂದು ಸ್ಟ್ಯಾಂಡರ್ಡ್, ಇನ್ನೊಂದು ಬೇಸಿಕ್. ಪಾಠಗಳು ಅವೇ, ಆದರೆ ಬೇಸಿಕ್ ಪತ್ರಿಕೆಯ ಪ್ರಶ್ನೆಗಳು ಸುಲಭ. ಮುಂದೆ ಗಣಿತ ಓದುವವರಿಗೆ ಸ್ಟ್ಯಾಂಡರ್ಡ್ ಇದೆ. ಅಮೆರಿಕದಲ್ಲಂತೂ ಈ ವಿಷಯಕ್ಕೆ ಜಗಳವೇ ಆಗಿದೆ. ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ 2014ರಲ್ಲಿ ಎಂಟನೇ ತರಗತಿಯ ಬೀಜಗಣಿತ ಕೋರ್ಸು ತೆಗೆದು ಎಲ್ಲರಿಗೂ ಒಂದೇ ಪಾಠ ಮಾಡಿದರು. 2024ರಲ್ಲಿ ಆ ಊರಿನ ಜನ ಮತ ಹಾಕಿ, ಅದು ತಿರುಗಿ ಬೇಕು ಅಂದರು.

ನಮಗೆ ಆ ಆಯ್ಕೆ ಇಲ್ಲ. ಇದರಿಂದ ಒಂದು ಒಳ್ಳೆಯದಿದೆ. ನಮ್ಮ ಹಳ್ಳಿಯ ಹುಡುಗರೂ ರಾಯಚೂರು, ಬೆಂಗಳೂರಿನ ಹುಡುಗರೂ ರಾಜ್ಯ ಪಠ್ಯದಲ್ಲಿ ಅದೇ ಪಾಠ ಓದುತ್ತೇವೆ. ಆದರೆ ಒಂದು ಕಷ್ಟವೂ ಇದೆ. ಏಳನೆಯದು ಬಾರದಿದ್ದರೂ ಎಂಟನೆಯ ಪಾಠ ನಮಗಾಗಿ ನಿಲ್ಲುವುದಿಲ್ಲ.

2. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ?

ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ಇದೇ. ಕಾಕಾ ಹೇಳ್ತಾರ, "ಸಿಂಧನೂರಾಗ ಇಂಗ್ಲಿಷ್ ಮೀಡಿಯಂ ಹಾಕ್ರಿ, ಮುಂದ ತ್ರಾಸ ಆಗಂಗಿಲ್ಲ." ಅಪ್ಪ ಹೇಳ್ತಾರ, "ಮೊದಲ ಲೆಕ್ಕ ತಿಳೀಲಿ, ಆಮ್ಯಾಲ ಇಂಗ್ಲಿಷ್ ಬರತೈತಿ." ಇಬ್ಬರ ಮಾತಿನಲ್ಲೂ ನಿಜ ಇದೆ.

ಪಿಯುಸಿ ವಿಜ್ಞಾನ, ಡಿಪ್ಲೊಮಾ, ಇಂಜಿನಿಯರಿಂಗ್ ಎಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಆದರೆ ಗಣಿತದಲ್ಲಿ ಬದಲಾಗುವುದು ಹೆಸರು ಮಾತ್ರ, ಲೆಕ್ಕ ಬದಲಾಗುವುದಿಲ್ಲ. ನಾವು ಭಿನ್ನರಾಶಿ ಅನ್ನುವುದಕ್ಕೆ ಅವರು ಫ್ರ್ಯಾಕ್ಷನ್ ಅಂತಾರ. ಪೂರ್ಣಾಂಕಕ್ಕೆ ಇಂಟಿಜರ್, ಸಮೀಕರಣಕ್ಕೆ ಈಕ್ವೇಷನ್, ಸುತ್ತಳತೆಗೆ ಪೆರಿಮೀಟರ್, ವಿಸ್ತೀರ್ಣಕ್ಕೆ ಏರಿಯಾ, ಲ.ಸಾ.ಅ.ಗೆ ಎಲ್‌ಸಿಎಂ. ದಿನಕ್ಕೆ ಎರಡು ಶಬ್ದ ಬರೆದುಕೊಂಡರೆ ಎರಡು ತಿಂಗಳಲ್ಲಿ 120 ಶಬ್ದ ಆಗುತ್ತವೆ. ಕನ್ನಡದಲ್ಲಿ ಓದಿದರೂ ಈ ಪಟ್ಟಿ ಈಗಿನಿಂದಲೇ ಮಾಡಬಹುದು.

ಗಣಿತಕ್ಕೆ ಕನ್ನಡ ಸಾಲದು ಅಂತ ಯಾರಾದರೂ ಅಂದರೆ ಇದನ್ನು ಹೇಳಿರಿ. 12ನೇ ಶತಮಾನದಲ್ಲಿ ರಾಜಾದಿತ್ಯ ಎಂಬುವನು 'ವ್ಯವಹಾರಗಣಿತ' ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದಿದ್ದಾನೆ. ಅದಕ್ಕೂ ಮೊದಲು 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದರು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ. ಅದು ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ನಮಗೆ ಬಹಳ ದೂರವೇನಲ್ಲ.

3. ಎಂಟನೇ ತರಗತಿಯಲ್ಲಿ ಬರುವ ಎರಡು ಪರೀಕ್ಷೆ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಂಟನೆಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಾಲ್ಕು ವರ್ಷಕ್ಕೆ 48,000 ರೂಪಾಯಿ! ಅದರಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ. ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ್ದು. ಗಣಿತ ಬಂದವರಿಗೆ ಎರಡರಲ್ಲೂ ಅನುಕೂಲ.

ಇದಕ್ಕೆ ಕೆಲವು ನಿಯಮ ಇವೆ. ಏಳನೆಯಲ್ಲಿ ಶೇ. 55 ಅಂಕ ಇರಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5 ರಿಯಾಯಿತಿ). ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು. ಮುಖ್ಯವಾದದ್ದು ಏನಂದ್ರ, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಅನುದಾನ ಇಲ್ಲದ ಖಾಸಗಿ ಶಾಲೆಗೆ ಸೇರಿದರೆ ಇದು ಸಿಗುವುದಿಲ್ಲ. ಇದನ್ನು ನಾನು ಓದಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು.

ಎರಡನೆಯದು, ಜವಾಹರ ನವೋದಯ ಶಾಲೆ. ನಮ್ಮ ಜಿಲ್ಲೆಯಲ್ಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಇದೆ. ಅದಕ್ಕೆ ಆರನೆಗೆ ಮಾತ್ರ ಸೇರಬಹುದು ಅಂತ ನಾನು ತಿಳಿದಿದ್ದೆ. ಆದರೆ ಸೀಟು ಖಾಲಿ ಇದ್ದರೆ ಒಂಬತ್ತನೆಗೂ ಪರೀಕ್ಷೆ ಮಾಡುತ್ತಾರೆ. ಎಂಟನೆಯಲ್ಲಿ ಇದ್ದಾಗ ಅರ್ಜಿ ಹಾಕಬೇಕು. 100 ಅಂಕದಲ್ಲಿ ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15.

4. ಹತ್ತನೇ ಆದ ಮೇಲೆ ದಾರಿ ಒಡೆಯುತ್ತದೆ

ಇಂಜಿನಿಯರ್ ಆಗುವವರಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ಡಾಕ್ಟರ್ ಆಗಲು ನೀಟ್ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಇಲ್ಲ, ಆದರೆ ಭೌತಶಾಸ್ತ್ರ ಇದೆ, ಅದರಲ್ಲಿ ಲೆಕ್ಕ ತುಂಬಿರುತ್ತದೆ. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ ಇದೆ, ಬೇಕಾದವರಿಗೆ ಸಂಖ್ಯಾಶಾಸ್ತ್ರ, ಮೂಲಗಣಿತ ಇವೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಮೂರು ವರ್ಷದ ಡಿಪ್ಲೊಮಾಕ್ಕೂ ಹೋಗಬಹುದು. ಅದನ್ನು ಮುಗಿಸಿದವರು ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಸೇರಬಹುದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಯುವವರಿಗೂ ಅಳತೆ, ದಶಮಾಂಶ ಬೇಕು. ಕಲಾ ವಿಭಾಗ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇತಿಹಾಸ ಇಷ್ಟ ಇದ್ದವರು ಅದನ್ನೇ ತಗೋಬೇಕು. ಆದರೆ ಲೆಕ್ಕಕ್ಕೆ ಅಂಜಿ ತಗೋಬಾರದು. ಅಕ್ಕನಿಂದ ನಾನು ಕಲಿತದ್ದು ಇದು.

5. ನಮ್ಮನ್ನು ನಾವೇ ನೋಡಿಕೊಳ್ಳೋಣ

ಶಾಲೆ ಆರಿಸುವ ಮೊದಲು ಈ ಐದು ಲೆಕ್ಕ ಮಾಡಿ ನೋಡ್ರಿ. ಯಾರನ್ನೂ ಕೇಳಬ್ಯಾಡ್ರಿ.

ಅ) ½ + ⅓ ಎಷ್ಟು?
ಆ) –7 ಕ್ಕೆ 4 ಕೂಡಿಸಿದರೆ ಎಷ್ಟು?
ಇ) ಒಂದು ಚೀಲ ಭತ್ತ 75 ಕೆ.ಜಿ. ಎಕರೆಗೆ 40 ಚೀಲ ಬಂದರೆ ಎಷ್ಟು ಕ್ವಿಂಟಲ್?
ಈ) ಒಂದು ಸಂಖ್ಯೆಯ ಮೂರು ಪಟ್ಟಿಗೆ 5 ಕೂಡಿಸಿದರೆ 26. ಆ ಸಂಖ್ಯೆ ಯಾವುದು?
ಉ) ತಿಂಗಳಿಗೆ ನೂರಕ್ಕೆ 2 ರೂ. ಬಡ್ಡಿಯಂತೆ 10,000 ರೂ. ಸಾಲ ತಂದರೆ 6 ತಿಂಗಳಿಗೆ ಬಡ್ಡಿ ಎಷ್ಟು?

ಮೊದಲನೆಯದಕ್ಕೆ ನಾನು ಕಿರುಪರೀಕ್ಷೆಯಲ್ಲಿ 2/5 ಅಂತ ಬರೆದಿದ್ದೆ. ಮೇಲಿನದು ಮೇಲೆ, ಕೆಳಗಿನದು ಕೆಳಗೆ ಕೂಡಿಸಿಬಿಟ್ಟಿದ್ದೆ. ಸರ್ ಬೈಯಲಿಲ್ಲ. "ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗ ಆತು?" ಅಂತ ಕೇಳಿದರು. ಆಮೇಲೆ ಒಂದು ರೊಟ್ಟಿಯನ್ನು ಆರು ತುಂಡು ಮಾಡಿದಂತೆ ಬೋರ್ಡಿನ ಮೇಲೆ ತೆಗೆದು ತೋರಿಸಿದರು. ಅರ್ಧ ಅಂದರೆ 3 ತುಂಡು, ಮೂರನೇ ಒಂದು ಭಾಗ ಅಂದರೆ 2 ತುಂಡು. ಅವತ್ತಿನಿಂದ ಮರೆತಿಲ್ಲ.

ಐದೂ ಸರಿ ಬಂದರೆ ಎಂಟನೆಯ ಪುಸ್ತಕ ಧೈರ್ಯವಾಗಿ ತೆರೆಯಿರಿ. ಎರಡು ಮೂರು ತಪ್ಪಾದರೆ ನಾಚಿಕೆ ಬ್ಯಾಡ. ಪರೀಕ್ಷೆ ಆದ ಮೇಲೆ ಬೇಸಿಗೆ ರಜೆ ಇದೆ. ದಿನಾ ಅರ್ಧ ತಾಸು ತಪ್ಪಾದ ಪಾಠ ಒಂದನ್ನೇ ಮಾಡಿದರೆ ಸಾಕು. ನಾನು ಮತ್ತು ಅಕ್ಕ ರಾತ್ರಿ ಕೂಡಿ ಮಾಡುತ್ತೇವೆ, ಬರುವವರು ಪಾಟಿ ತಗೊಂಡು ನಮ್ಮ ಮನೆಗೆ ಬರಬಹುದು. ಅವ್ವ ಹೂಂ ಅಂದಾಳ.

ನಾನು ಯಾವ ಶಾಲೆಗೆ ಹೋಗ್ತೀನಿ ಅನ್ನೋದು ಇನ್ನೂ ಮನೆಯಲ್ಲಿ ತೀರ್ಮಾನ ಆಗಿಲ್ಲ. ಮಸ್ಕಿಯ ಸರ್ಕಾರಿ ಶಾಲೆ ಅಂತ ನನ್ನ ಮನಸ್ಸಿನಲ್ಲಿ ಇದೆ. ಎಲ್ಲಿಗೆ ಹೋದರೂ ಭಿನ್ನರಾಶಿ ಕಲಿತೇ ಹೋಗುತ್ತೇನೆ. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಉತ್ತರಗಳು: ಅ) 5/6  ಆ) –3  ಇ) 30 ಕ್ವಿಂಟಲ್  ಈ) 7  ಉ) 1,200 ರೂ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ