ಆರು ಕಾಗೆ, ಆರು ಸಾವಿರ ಹಕ್ಕಿ

ಡಿಸೆಂಬರ್ ತಿಂಗಳ ಬೆಳಗ್ಗೆ ಮಂಗಳೂರಿನ ದಕ್ಕೆಗೆ ಹೋದರೆ ಬೋಟುಗಳ ಮೇಲೆಲ್ಲ ಬಿಳಿ ಹಕ್ಕಿಗಳ ಗಲಾಟೆ. ಬುಟ್ಟಿಯಿಂದ ಜಾರಿದ ಒಂದು ಬೂತಾಯಿ ನೀರಿಗೆ ಬೀಳುವುದೇ ತಡ, ನಾಲ್ಕೈದು ಒಟ್ಟಿಗೇ ಎರಗುತ್ತವೆ. ಹತ್ತಿರದಿಂದ ನೋಡಿ: ಕೆಂಪು ಕೊಕ್ಕಿನ ತುದಿ ಕಪ್ಪು, ಕಣ್ಣಿನ ಹಿಂದೆ ಕಾಡಿಗೆ ಬೊಟ್ಟಿಟ್ಟಂತೆ ಒಂದು ಮಚ್ಚೆ. ಹೆಸರು ಕಂದುತಲೆ ಕಡಲಕ್ಕಿ, ಆದರೆ ಚಳಿಗಾಲದಲ್ಲಿ ತಲೆ ಬಿಳಿಯೇ. ಅದು ಕಂದಾಗುವುದು ಮರಿ ಮಾಡುವ ಕಾಲಕ್ಕೆ. ಮರಿ ಮಾಡುವುದು ಲಡಾಖ್ ಮತ್ತು ಟಿಬೆಟ್ ಪ್ರಸ್ಥಭೂಮಿಯ ಸರೋವರಗಳ ದಡದಲ್ಲಿ.

ಅಂಥದೊಂದು ಸರೋವರ ಚೀನಾದ ಚಿಂಗ್‌ಹಾಯ್. ಸಮುದ್ರಮಟ್ಟದಿಂದ ಸುಮಾರು 3,200 ಮೀಟರ್ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. 2005ರ ಬೇಸಿಗೆಯಲ್ಲಿ ಅಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ 6,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಹೆಚ್ಚಿನವು ಪಟ್ಟೆತಲೆ ಹೆಬ್ಬಾತು. ಜೊತೆಗೆ ಇದೇ ಕಂದುತಲೆ ಕಡಲಕ್ಕಿ.

ಇಷ್ಟೆಲ್ಲ ಮಾಡಿದ ವೈರಸ್ ಎಷ್ಟು ದೊಡ್ಡದು? ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 10,000 ಕೂರುತ್ತವೆ. ಅದರ ಇಡೀ ಜಾತಕ ಎಂಟು ತುಂಡುಗಳಲ್ಲಿ ಬರೆದ ಸುಮಾರು 13,500 ಅಕ್ಷರ. ಪಣಂಬೂರಿನ ಒಂದು ಮರಳಿನ ಕಣದ ಮೇಲೆ ಲಕ್ಷಗಟ್ಟಲೆ ವೈರಸ್ ಹಿಡಿಸುತ್ತವೆ ಎಂದು ಲೆಕ್ಕ ಹಾಕಿದಾಗ ನನಗೆ ಮೈ ಜುಂ ಎಂದಿತು. ಈ ಕುಲದ ಎಚ್16 ಎಂಬ ಬಗೆ ಮೊದಲು ಸಿಕ್ಕಿದ್ದು ಸ್ವೀಡನ್ನಿನ ಕಪ್ಪುತಲೆ ಕಡಲಕ್ಕಿಗಳಲ್ಲಿ. ಆ ಜಾತಿಯ ಹಕ್ಕಿಯೂ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತದೆ.

ಇಷ್ಟು ಸಣ್ಣದನ್ನು ಹಿಡಿಯುವ ಬಗೆ ಇನ್ನೂ ಬೆರಗಿನದು. ಹಕ್ಕಿಯ ಗಂಟಲಿಗೋ ಗುದದ್ವಾರಕ್ಕೋ ಹತ್ತಿಯ ಕಡ್ಡಿ ತಾಗಿಸಿ, ತಂಪಾಗಿಟ್ಟು ಲ್ಯಾಬಿಗೆ ಒಯ್ಯುತ್ತಾರೆ. ಹಕ್ಕಿಯನ್ನು ಹಿಡಿಯಲೇಬೇಕೆಂದಿಲ್ಲ, ಹಸಿ ಹಿಕ್ಕೆಯೂ ಸಾಕು. ಪಿಸಿಆರ್ ಯಂತ್ರ ವೈರಸ್ಸಿನ ಬರಹದ ಒಂದು ತುಣುಕನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು. ಹೀಗೆ ನಲವತ್ತು ಸಲ ಇಮ್ಮಡಿಯಾದರೆ ಒಂದೇ ಒಂದು ಪ್ರತಿ 1,09,951 ಕೋಟಿ ದಾಟುತ್ತದೆ. ಅದೂ ಕೆಲವೇ ಗಂಟೆಗಳಲ್ಲಿ.

2021ರ ಜನವರಿಯಲ್ಲಿ, ಕೇರಳದಲ್ಲಿ ಬಾತುಕೋಳಿಗಳು ಸಾಯುತ್ತಿದ್ದಾಗ, ಮಂಗಳೂರಿನ ಹೊರವಲಯದ ಮಂಜನಾಡಿಯಲ್ಲಿ ಆರು ಕಾಗೆಗಳು ಸತ್ತು ಬಿದ್ದಿದ್ದವು. ಊರವರ ಕಣ್ಣಿಗೆ ಬಿದ್ದದ್ದರಿಂದ ಮಾದರಿ ಬೆಂಗಳೂರಿಗೆ ಹೋಯಿತು. ಹಕ್ಕಿಜ್ವರ ಇಲ್ಲ ಎಂದು ವರದಿ ಬಂತು. ಆ ‘ಇಲ್ಲ’ ಎಂಬ ಎರಡಕ್ಷರಕ್ಕೆ ದೊಡ್ಡ ಬೆಲೆಯಿದೆ. ಆದರೆ ಹಕ್ಕಿ ಸತ್ತ ಮೇಲಷ್ಟೇ ಹುಡುಕಿದರೆ ಸಾಲದು. ಪ್ರತಿ ಚಳಿಗಾಲ ದಕ್ಕೆಯ, ಅಳಿವೆಬಾಗಿಲಿನ ಹಿಕ್ಕೆಯೂ ಪರೀಕ್ಷೆಯಾಗಬೇಕು.

ಬೆಂಗ್ರೆಯಲ್ಲೋ ತಣ್ಣೀರುಬಾವಿಯಲ್ಲೋ ನಾಲ್ಕಾರು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿರುವುದು ಕಂಡರೆ ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಂದೇ ತಿಳಿಸಿ.