ನಾಲ್ಕನೆಯ ಗೇರಿನ ಮೇಲೊಂದು ಗೇರು: ಹಳೆಯ ಕಾರಿನ ಓವರ್‌ಡ್ರೈವ್

ಸೈಕಲ್ ತುಳಿಯುವ ನಿಮಗೆಲ್ಲ ಒಂದು ಸಂಗತಿ ಗೊತ್ತಿದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ಕಟಕಟ ಸದ್ದು ಮಾಡುತ್ತ ತಿರುಗುತ್ತಲೇ ಇರುತ್ತದೆ. ಮತ್ತೆ ತುಳಿದರೆ ತಕ್ಷಣ ಹಿಡಿದುಕೊಳ್ಳುತ್ತದೆ. ಒಂದು ದಿಕ್ಕಿಗೆ ಹಿಡಿತ, ಇನ್ನೊಂದು ದಿಕ್ಕಿಗೆ ಬಿಡುಗಡೆ. ಸೈಕಲ್ ಅಂಗಡಿಯವರು ಇದನ್ನು ಫ್ರೀವೀಲ್ ಎನ್ನುತ್ತಾರೆ. ಈ ಪುಟ್ಟ ಭಾಗವನ್ನು ನೆನಪಿನಲ್ಲಿಟ್ಟುಕೊಳ್ಳಿ. ಇಂದು ನಾವು ಬಿಚ್ಚಿ ನೋಡಲಿರುವ ಯಂತ್ರದ ಹೊಟ್ಟೆಯಲ್ಲಿ ಇದರ ಅಣ್ಣನೊಬ್ಬ ಕುಳಿತಿದ್ದಾನೆ. ಅವನನ್ನು ಅರ್ಥಮಾಡಿಕೊಳ್ಳದೆ ಕಾರನ್ನು ಹಿಂದಕ್ಕೆ ಓಡಿಸಿದವರು ಸಾವಿರಾರು ರೂಪಾಯಿ ಬೆಲೆಯ ಯಂತ್ರವನ್ನು ಒಂದೇ ಕ್ಷಣದಲ್ಲಿ ಪುಡಿಮಾಡಿಕೊಂಡಿದ್ದಾರೆ.

ಇಂಗ್ಲೆಂಡಿನ ಎಂಜಿಬಿ ಎಂಬ ಪುಟ್ಟ ಕ್ರೀಡಾಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಇದನ್ನು ‘ವಿಂಟೇಜ್ ಕಾರು’ ಎಂದು ನಾವು ಸಲೀಸಾಗಿ ಕರೆಯುತ್ತೇವಾದರೂ, ಬ್ರಿಟನ್ನಿನ ಹಳೆಯ ಕಾರುಗಳ ಪ್ರೇಮಿಗಳು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ 1930ರ ಒಳಗೆ ತಯಾರಾದದ್ದು ಮಾತ್ರ ವಿಂಟೇಜ್. ಇದು ಕೇವಲ ಕ್ಲಾಸಿಕ್. ಆ ಜಗಳ ಅವರಿಗಿರಲಿ.

ಈ ಕಾರಿನಲ್ಲಿ ಸುಮಾರು 1800 ಘನ ಸೆಂಟಿಮೀಟರಿನ ಎಂಜಿನ್ ಇದೆ, ನಾಲ್ಕು ಗೇರುಗಳಿವೆ. ನಾಲ್ಕನೆಯ ಗೇರಿನಲ್ಲಿ ಗೇರ್‌ಪೆಟ್ಟಿಗೆ ಏನನ್ನೂ ಬದಲಿಸುವುದಿಲ್ಲ. ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದಾಗ ಕಾರು ಗಂಟೆಗೆ ಸುಮಾರು 29 ಕಿಲೋಮೀಟರ್ ಓಡುತ್ತದೆ. ಊರೊಳಗೆ ಇದು ಸಾಕು. ಆದರೆ ಗಂಟೆಗೆ 112 ಕಿಲೋಮೀಟರ್ ವೇಗದಲ್ಲಿ? ಗುಣಿಸಿ ನೋಡಿ. ಎಂಜಿನ್ ನಿಮಿಷಕ್ಕೆ ಸುಮಾರು 3900 ಸುತ್ತು ಗರ್ಜಿಸುತ್ತಿರುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ಮಾತಾಡಬೇಕಾದರೆ ಕೂಗಬೇಕು.

112 ಎಂಬ ಅಂಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬ್ರಿಟನ್ನಿನ ಮೊದಲ ಮೋಟಾರುಮಾರ್ಗ, ಪ್ರೆಸ್ಟನ್ ಊರಿನ ಬಳಸುದಾರಿ, 1958ರಲ್ಲಿ ತೆರೆಯಿತು. ಮರುವರ್ಷ ಎಂ-1 ರಸ್ತೆ ಬಂತು. ಅಡ್ಡರಸ್ತೆಯಿಲ್ಲ, ದನಕರುಗಳಿಲ್ಲ, ಗಂಟೆಗಟ್ಟಲೆ ಒಂದೇ ವೇಗ. 1965ರಲ್ಲಿ ಗಂಟೆಗೆ 70 ಮೈಲಿಯ, ಎಂದರೆ ಸುಮಾರು 112 ಕಿಲೋಮೀಟರಿನ, ಮಿತಿಯನ್ನು ಹೇರಲಾಯಿತು. ಹಳ್ಳಿಯ ಅಂಕುಡೊಂಕು ರಸ್ತೆಗಳಿಗಾಗಿ ರೂಪುಗೊಂಡಿದ್ದ ನಾಲ್ಕು ಗೇರುಗಳು ಈ ಹೊಸ ರಸ್ತೆಗಳಲ್ಲಿ ಏದುಸಿರು ಬಿಡತೊಡಗಿದವು.

ಇದಕ್ಕೆ ಉತ್ತರ ಆಗಲೇ ಸಿದ್ಧವಿತ್ತು. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರ್ ರೂಪಿಸಿ, ಶೆಫೀಲ್ಡ್ ನಗರದ ಲೇಕಾಕ್ ಕಾರ್ಖಾನೆ ತಯಾರಿಸಿದ ಓವರ್‌ಡ್ರೈವ್ 1940ರ ದಶಕದ ಕೊನೆಗೆ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲಿ ಕಾಣಿಸಿಕೊಂಡಿತು. ಮುಂದೆ ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್, ಸ್ವೀಡನ್ನಿನ ವೋಲ್ವೊ ಎಲ್ಲರೂ ಅದನ್ನು ಬಳಸಿದರು. ಎಂಜಿಬಿಯಲ್ಲಿ ಅದು ಬಹುಕಾಲ ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಆದ್ದರಿಂದಲೇ ಅದಿಲ್ಲದ ಕಾರುಗಳು ಇಂದಿಗೂ ಬೇಕಾದಷ್ಟಿವೆ. ಅವುಗಳ ಒಡೆಯರು ಅದನ್ನು ಹುಡುಕಿ ತಂದು ಜೋಡಿಸುವುದೂ ನಡೆದೇ ಇದೆ.

ಈಗ ಒಳಗೆ ಏನಿದೆ ನೋಡೋಣ. ಗೇರ್‌ಪೆಟ್ಟಿಗೆಯ ಬಾಲಕ್ಕೆ ಅಂಟಿಕೊಂಡಂತೆ ಇರುವ ಒಂದು ಎರಕದ ಡಬ್ಬಿ. ಅದರ ನಡುವೆ ಒಂದು ಸೂರ್ಯಚಕ್ರ. ಅದರ ಸುತ್ತ ಮೂರು ಗ್ರಹಚಕ್ರಗಳು, ಅವೆಲ್ಲವನ್ನೂ ಹೊತ್ತ ಒಂದು ಚೌಕಟ್ಟು. ಹೊರಗೆ, ಒಳಮೈಗೆ ಹಲ್ಲುಗಳಿರುವ ದೊಡ್ಡ ಉಂಗುರಚಕ್ರ. ಹೆಸರುಗಳನ್ನು ಖಗೋಳದಿಂದ ಎರವಲು ಪಡೆದಿರುವುದು ಸುಮ್ಮನೆ ಅಲ್ಲ. ಗ್ರಹಗಳು ತಮ್ಮ ಸುತ್ತ ತಾವೂ ತಿರುಗುತ್ತವೆ, ಸೂರ್ಯನನ್ನೂ ಸುತ್ತುತ್ತವೆ. ಎಂಜಿನ್ನಿನ ಶಕ್ತಿ ಗ್ರಹಗಳ ಚೌಕಟ್ಟಿಗೆ ಬರುತ್ತದೆ. ಉಂಗುರಚಕ್ರದಿಂದ ಹಿಂದಿನ ಗಾಲಿಗಳಿಗೆ ಹೋಗುತ್ತದೆ.

ಸೂರ್ಯಚಕ್ರವನ್ನು ಅಲ್ಲಾಡದಂತೆ ಹಿಡಿದುಬಿಟ್ಟರೆ ಏನಾಗುತ್ತದೆ? ಲೆಕ್ಕ ಸುಲಭವಾಗಲೆಂದು ಸೂರ್ಯನಿಗೆ 20 ಹಲ್ಲು, ಉಂಗುರಕ್ಕೆ 80 ಹಲ್ಲು ಎಂದಿಟ್ಟುಕೊಳ್ಳಿ. ಚೌಕಟ್ಟು ಒಂದು ಸುತ್ತು ಬಂದರೆ ಉಂಗುರವೂ ಅದರೊಡನೆ ಒಂದು ಸುತ್ತು ಬರಬೇಕು. ಅದರ ಮೇಲೆ, ನಿಂತ ಸೂರ್ಯನ ಮೇಲೆ ಉರುಳುವ ಗ್ರಹಗಳು ಉಂಗುರವನ್ನು ಇನ್ನೂ 20 ಹಲ್ಲುಗಳಷ್ಟು ಮುಂದಕ್ಕೆ ನೂಕುತ್ತವೆ. 20ನ್ನು 80ರಿಂದ ಭಾಗಿಸಿದರೆ ಕಾಲು. ಒಟ್ಟು ಒಂದೂಕಾಲು ಸುತ್ತು. ಒಳಗೆ ಹೋದದ್ದು ಒಂದು, ಹೊರಗೆ ಬಂದದ್ದು ಒಂದೂಕಾಲು. ಓವರ್‌ಡ್ರೈವ್ ಎಂದರೆ ಇಷ್ಟೇ. ಎಂಜಿಬಿಯ ನಂತರದ ಮಾದರಿಗಳಲ್ಲಿ ಎಂಜಿನ್ನಿನ 0.82 ಸುತ್ತಿಗೆ ಶಾಫ್ಟಿನ ಒಂದು ಸುತ್ತು ಬರುತ್ತದೆ. ಆ 3900 ಸುತ್ತುಗಳು ಸುಮಾರು 3200ಕ್ಕೆ ಇಳಿಯುತ್ತವೆ. ನಿಮಿಷಕ್ಕೆ 700 ಸುತ್ತು ಉಳಿತಾಯ, ಗಂಟೆಗೆ 42,000. ಪಿಸ್ಟನ್ನಿನ ಸವೆತ, ಪೆಟ್ರೋಲು, ಕಿವಿ ಮೂರಕ್ಕೂ ಲಾಭ. ಲಾಭದ ಜೊತೆಗೆ ನಷ್ಟವೂ ಇದೆ: ಸುತ್ತು ಹೆಚ್ಚಿದಷ್ಟೂ ಗಾಲಿಗೆ ದೊರೆಯುವ ತಿರುಚುಬಲ ಕಡಿಮೆಯಾಗುತ್ತದೆ. ಏರಿನಲ್ಲಿ ಓವರ್‌ಡ್ರೈವ್ ಬಿಡಲೇಬೇಕು.

ಸೂರ್ಯನನ್ನು ಹಿಡಿಯುವವರು ಯಾರು? ಇಲ್ಲಿಯೇ ಈ ಯಂತ್ರದ ಜಾಣತನವಿರುವುದು. ಸೂರ್ಯಚಕ್ರದ ಜೊತೆಗೆ ಮುಂದೆ ಹಿಂದೆ ಜಾರಬಲ್ಲ ಒಂದು ಶಂಕುವಿನಾಕಾರದ ಕ್ಲಚ್ ಇದೆ. ಅದರ ಒಳಮೈಗೂ ಹೊರಮೈಗೂ ಬ್ರೇಕಿನಂತಹ ಲೈನಿಂಗ್ ಹಚ್ಚಿರುತ್ತಾರೆ. ಸಾಮಾನ್ಯವಾಗಿ ಬಲವಾದ ಸ್ಪ್ರಿಂಗ್‌ಗಳು ಅದರ ಒಳಮೈಯನ್ನು ಉಂಗುರಚಕ್ರಕ್ಕೆ ಒತ್ತಿ ಹಿಡಿದಿರುತ್ತವೆ. ಸೂರ್ಯನೂ ಉಂಗುರವೂ ಅಂಟಿಕೊಂಡರೆ ಗ್ರಹಗಳಿಗೆ ಉರುಳಲು ಜಾಗವಿಲ್ಲ. ಇಡೀ ಗುಂಪು ಒಂದೇ ಗಟ್ಟಿಯಂತೆ ತಿರುಗುತ್ತದೆ. ಅದೇ ನೇರ ಗೇರು. ಸ್ವಿಚ್ ಒತ್ತಿದಾಗ ವಿದ್ಯುತ್ ಸುರುಳಿ ಒಂದು ಕವಾಟವನ್ನು ತೆರೆಯುತ್ತದೆ. ಚದರ ಇಂಚಿಗೆ 400 ಪೌಂಡ್‌ಗೂ ಹೆಚ್ಚಿನ ಒತ್ತಡದ ಎಣ್ಣೆ ಪಿಸ್ಟನ್‌ಗಳಿಗೆ ನುಗ್ಗುತ್ತದೆ. ಸ್ಪ್ರಿಂಗ್‌ಗಳನ್ನು ಸೋಲಿಸಿ ಶಂಕುವನ್ನು ಮುಂದಕ್ಕೆ ಜಗ್ಗಿ, ಡಬ್ಬಿಗೆ ಬಿಗಿದಿರುವ ಬ್ರೇಕ್ ಉಂಗುರಕ್ಕೆ ಒತ್ತುತ್ತದೆ. ಸೂರ್ಯ ನಿಂತ. ಕಾರು ಓಡುತ್ತಿರುವಾಗಲೇ, ಕ್ಲಚ್ ಪೆಡಲ್ ಮುಟ್ಟದೆಯೇ ಇದೆಲ್ಲ ನಡೆದುಹೋಗುತ್ತದೆ. ಎಣ್ಣೆಯನ್ನು ಒತ್ತುವ ಪಂಪು ಗೇರ್‌ಪೆಟ್ಟಿಗೆಯ ಶಾಫ್ಟಿನ ಮೇಲಿರುವ ಒಂದು ಕ್ಯಾಮ್‌ನಿಂದ ನಡೆಯುತ್ತದೆ.

ಶಂಕು ಒಂದು ಕಡೆಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವಿನ ಕ್ಷಣದಲ್ಲಿ ಎಂಜಿನ್ ಹಿಡಿತ ತಪ್ಪಿ ಅರಚಬಾರದಲ್ಲ? ಅದಕ್ಕೇ ನಮ್ಮ ಫ್ರೀವೀಲ್. ಬರುವ ಶಾಫ್ಟಿಗೂ ಉಂಗುರಚಕ್ರಕ್ಕೂ ನಡುವೆ ಉರುಳೆಗಳ ಒಂದು ಏಕಮುಖ ಕ್ಲಚ್ ಇದೆ. ನೇರ ಗೇರಿನಲ್ಲಿ ಎಂಜಿನ್ ಮುಂದಕ್ಕೆ ತಳ್ಳುವುದು ಇದರ ಮೂಲಕವೇ. ಓವರ್‌ಡ್ರೈವ್‌ನಲ್ಲಿ ಉಂಗುರ ಶಾಫ್ಟಿಗಿಂತ ವೇಗವಾಗಿ ಓಡುವುದರಿಂದ ಉರುಳೆಗಳು ಸಡಿಲಗೊಂಡು ಸುಮ್ಮನಿರುತ್ತವೆ, ಇಳಿಜಾರಿನ ಸೈಕಲ್ಲಿನಂತೆ.

ಇನ್ನು ಜೋಡಿಸುವ ಕೆಲಸ. ಓವರ್‌ಡ್ರೈವ್ ಡಬ್ಬಿಯೊಂದನ್ನೇ ಕೊಂಡು ತಂದು ಹಳೆಯ ಗೇರ್‌ಪೆಟ್ಟಿಗೆಯ ಹಿಂದೆ ಬೋಲ್ಟು ಹಾಕಿದರಾಯಿತು ಎಂದುಕೊಳ್ಳಬೇಡಿ. ಒಳಗಿನ ಮುಖ್ಯ ಶಾಫ್ಟೇ ಬೇರೆ. ಓವರ್‌ಡ್ರೈವ್‌ಗೆ ಹೊಂದುವ ಶಾಫ್ಟಿನಲ್ಲಿ ಪಂಪಿನ ಕ್ಯಾಮ್‌ಗೆ ಜಾಗ, ಗ್ರಹಗಳ ಚೌಕಟ್ಟಿಗೂ ಏಕಮುಖ ಕ್ಲಚ್ಚಿಗೂ ಉದ್ದುದ್ದ ಹಲ್ಲುಗಳ ಸಾಲು, ಎಲ್ಲ ಇರಬೇಕು. ಆದ್ದರಿಂದ ಅನುಭವಸ್ಥರು ಓವರ್‌ಡ್ರೈವ್ ಸಮೇತ ಇಡೀ ಗೇರ್‌ಪೆಟ್ಟಿಗೆಯನ್ನೇ ಹುಡುಕುತ್ತಾರೆ. ಎಂಜಿಬಿಯಲ್ಲಿ ಎಂಜಿನ್ ಮತ್ತು ಗೇರ್‌ಪೆಟ್ಟಿಗೆಯನ್ನು ಒಟ್ಟಿಗೆ ಮೇಲಕ್ಕೆತ್ತಿ ತೆಗೆಯುವುದು ರೂಢಿ. ಇದು ಒಬ್ಬರ ಕೆಲಸವಲ್ಲ. ಸರಪಳಿ ರಾಟೆ, ಗಟ್ಟಿಯಾದ ಆಧಾರ, ಇನ್ನೊಂದು ಜೊತೆ ಕೈ ಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಹೇಗೂ ಹೊರಬಂದಿರುವಾಗ ಕ್ಲಚ್ ತಟ್ಟೆಯನ್ನು ಬದಲಿಸಿಬಿಡುವುದು ಲೇಸು. ಮತ್ತೆ ಅದೇ ಕೆಲಸಕ್ಕೆ ಇಡೀ ಎಂಜಿನ್ ಎತ್ತುವವರು ಯಾರು!

ಡಬ್ಬಿಯನ್ನು ಗೇರ್‌ಪೆಟ್ಟಿಗೆಗೆ ಕೂಡಿಸಬೇಕಾಗಿ ಬಂದರೆ ತಾಳ್ಮೆಯೇ ಮುಖ್ಯ ಉಪಕರಣ. ಚೌಕಟ್ಟಿನ ಹಲ್ಲುಸಾಲು, ಅದರ ಹಿಂದೆ ಏಕಮುಖ ಕ್ಲಚ್ಚಿನ ಹಲ್ಲುಸಾಲು ಎರಡೂ ಒಂದೇ ಗೆರೆಗೆ ಬರಬೇಕು. ಹಾಗೆ ಸರಿಹೊಂದಿಸಿದ ಮೇಲೆ ಹಿಂಬದಿಯ ಶಾಫ್ಟನ್ನು ಯಾರೂ ತಿರುಗಿಸಬಾರದು. ಪಂಪಿನ ಕಡೆಗೆ ಕ್ಯಾಮ್‌ನ ತಗ್ಗು ಭಾಗ ಬರುವಂತೆ ಇಟ್ಟುಕೊಂಡು, ಮೆಲ್ಲಗೆ ಒಳಗೆ ಜಾರಿಸಬೇಕು. ಕೊನೆಗೆ ಸ್ಪ್ರಿಂಗ್‌ಗಳ ಒತ್ತಡದಿಂದ ಸ್ವಲ್ಪ ಅಂತರ ಉಳಿಯುತ್ತದೆ. ಅದನ್ನು ನಟ್ಟುಗಳಿಂದ ಸಮನಾಗಿ ಬಿಗಿಯುತ್ತ ಮುಚ್ಚಬಹುದು. ಆದರೆ ಹಲ್ಲುಗಳು ಕೂಡದೆ ನಿಂತ ಅಂತರವನ್ನು ಮುಚ್ಚಲು ನಟ್ಟು ಬಿಗಿದರೆ ಪಂಪೋ ಎರಕವೋ ಮುರಿಯುತ್ತದೆ. ಈ ಎರಡು ಅಂತರಗಳ ವ್ಯತ್ಯಾಸ ಕೈಗೆ ತಿಳಿಯುತ್ತದೆ: ಸ್ಪ್ರಿಂಗ್ ಮೆತ್ತಗೆ ಒದೆಯುತ್ತದೆ, ಕೂಡದ ಹಲ್ಲು ಕಲ್ಲಿನಂತೆ ನಿಲ್ಲುತ್ತದೆ. ಅನುಮಾನವಿದ್ದರೆ ಹೊರತೆಗೆದು ಮೊದಲಿನಿಂದ ಶುರುಮಾಡಿ.

ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಹಿಂಬದಿಯ ಆಧಾರಪಟ್ಟಿ, ವೇಗಮಾಪಕ ಮೂರನ್ನೂ ಹೊಂದುತ್ತವೆಯೇ ಎಂದು ಅಳೆದು ನೋಡಬೇಕು. ಮುಖ್ಯವಾಗಿ ವೇಗಮಾಪಕ. ಸ್ಮಿತ್ಸ್ ಕಂಪೆನಿಯ ಮಾಪಕದ ಮುಖದ ಮೇಲೆ ಚಿಕ್ಕದಾಗಿ ಬರೆದಿರುವ ಅಂಕಿ, ಒಂದು ಮೈಲಿಗೆ ಅದರ ತಂತಿ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಹೇಳುತ್ತದೆ. ಹೊಸ ಪೆಟ್ಟಿಗೆಯ ಸುತ್ತು ಅದಕ್ಕೆ ತಾಳೆಯಾಗದಿದ್ದರೆ ಮಾಪಕ ಸುಳ್ಳು ಹೇಳುತ್ತದೆ.

ವಿದ್ಯುತ್ ತಂತಿಯ ಕೆಲಸ ಚಿಕ್ಕದು, ಆದರೆ ಅಪಾಯದ ಬೀಜ ಅಲ್ಲಿದೆ. ಹಳೆಯ ಮಾದರಿಗಳ ಸುರುಳಿಯಲ್ಲಿ ಎರಡು ಭಾಗ. ಮೊದಲು ಸರಕ್ಕನೆ ಎಳೆಯಲು 15 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಹರಿಯುತ್ತದೆ. ಎಳೆದ ಮೇಲೆ ಆ ಭಾಗ ತಾನೇ ಕಡಿದುಕೊಂಡು, ಹಿಡಿದಿಡಲು ಸುಮಾರು ಒಂದು ಆಂಪಿಯರ್ ಮಾತ್ರ ಉಳಿಯುತ್ತದೆ. ಸನ್ನೆಯ ಹೊಂದಾಣಿಕೆ ತಪ್ಪಿ ದಂಡ ಕೊನೆಯವರೆಗೆ ಹೋಗದಿದ್ದರೆ ದೊಡ್ಡ ಪ್ರವಾಹ ನಿಲ್ಲದೆ ಹರಿದು ಸುರುಳಿ ಸುಟ್ಟುಹೋಗುತ್ತದೆ. ಸನ್ನೆಯಲ್ಲೊಂದು, ಡಬ್ಬಿಯಲ್ಲೊಂದು ತೂತು ಇರುತ್ತದೆ. ಓವರ್‌ಡ್ರೈವ್ ಹಾಕಿದ ಸ್ಥಿತಿಯಲ್ಲಿ ಎರಡರಲ್ಲೂ 3/16 ಇಂಚಿನ ಸರಳು ತೂರಿದರೆ ಹೊಂದಾಣಿಕೆ ಸರಿ. ಯಾವ ಅಳತೆಪಟ್ಟಿಯೂ ಬೇಡದ ಈ ಪರೀಕ್ಷೆ ನನಗೆ ಬಹಳ ಇಷ್ಟ.

ಎಣ್ಣೆ ಗೇರ್‌ಪೆಟ್ಟಿಗೆಗೂ ಓವರ್‌ಡ್ರೈವ್‌ಗೂ ಒಂದೇ. ಆ ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಬೇಕು. ಘರ್ಷಣೆ ತಗ್ಗಿಸುವ ಬೆರಕೆಗಳನ್ನು ಸುರಿಯಲೇಬಾರದು, ಏಕೆಂದರೆ ಶಂಕು ಹಿಡಿಯುವುದೇ ಘರ್ಷಣೆಯಿಂದ. ಮೊದಲ ಸಲ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಎಣ್ಣೆಯ ಮಟ್ಟವನ್ನು ಮತ್ತೆ ನೋಡಿ. ಖಾಲಿ ಡಬ್ಬಿ ತುಂಬಿಕೊಂಡಂತೆ ಮಟ್ಟ ಇಳಿದಿರುತ್ತದೆ. ಮುಂದೆಂದಾದರೂ ಡಬ್ಬಿ ಬಿಚ್ಚುವ ಮುನ್ನ, ಎಂಜಿನ್ ನಿಲ್ಲಿಸಿ ಸ್ವಿಚ್ಚನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆದು ಒಳಗಿನ ಒತ್ತಡವನ್ನು ಇಳಿಸಬೇಕು. ಇಲ್ಲದಿದ್ದರೆ ಎಣ್ಣೆ ಪಿಚಕಾರಿಯಂತೆ ಮುಖಕ್ಕೆ ಹಾರುತ್ತದೆ.

ಓಡಿಸುವುದು ಹೇಗೆ? ನಾಲ್ಕನೆಯ ಗೇರಿನಲ್ಲಿ ಹದವಾದ ವೇಗ ಬಂದಾಗ ಆಕ್ಸಿಲರೇಟರ್ ಮೇಲೆ ಕಾಲನ್ನು ಹಾಗೇ ಇಟ್ಟು ಸ್ವಿಚ್ ಹಾಕಿ. ಎಂಜಿನ್ನಿನ ಸದ್ದು ಒಂದು ಮಟ್ಟ ಕೆಳಗಿಳಿಯುತ್ತದೆ. ತೆಗೆಯುವಾಗ ಕಾಲನ್ನು ಪೂರ್ತಿ ಎತ್ತದೆ, ಸ್ವಲ್ಪ ಒತ್ತಿಯೇ ತೆಗೆಯಿರಿ. ಇಲ್ಲವಾದರೆ ಕಾರು ಎಗರುತ್ತದೆ. ಬಹುಪಾಲು ಎಂಜಿಬಿಗಳಲ್ಲಿ ಇದು ಮೂರನೆಯ ಮತ್ತು ನಾಲ್ಕನೆಯ ಗೇರಿಗೆ ಕೆಲಸ ಮಾಡುತ್ತದೆ. 1977ರ ಮಾದರಿಯಿಂದ ನಾಲ್ಕಕ್ಕೆ ಮಾತ್ರ. ಒಂದನೆಯ ಗೇರಿನಲ್ಲಿ ತಿರುಚುಬಲ ಮೂರು ಪಟ್ಟಿಗೂ ಮೀರುವುದರಿಂದ ಶಂಕು ತಾಳಲಾರದು. ಅದಕ್ಕೆ ಗೇರ್‌ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಕಾವಲು ಸ್ವಿಚ್ ಇಟ್ಟು, ಕೆಳಗಿನ ಗೇರುಗಳಲ್ಲಿ ಹಾಗೂ ಹಿನ್ನಡೆಯಲ್ಲಿ ವಿದ್ಯುತ್ತೇ ಹರಿಯದಂತೆ ಮಾಡಿರುತ್ತಾರೆ. ಈ ಕಾವಲು ಸ್ವಿಚ್ಚನ್ನು ತಪ್ಪಿಸಿ ತಂತಿ ಎಳೆದ ಕಾರುಗಳೂ ಇವೆ. ಅಂತಹ ಕಾರಿನಲ್ಲಿ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. ಸೂರ್ಯ ನಿಂತಿದ್ದಾನೆ. ಕಾರು ಹಿಂದಕ್ಕೆ ಹೊರಟಿದೆ. ಉಂಗುರ ಹಿಮ್ಮುಖವಾಗಿ ಶಾಫ್ಟಿಗಿಂತ ವೇಗವಾಗಿ ಹೋಗಬಯಸುತ್ತದೆ. ಫ್ರೀವೀಲ್ ಹಿಡಿದುಕೊಳ್ಳುವುದು ಸರಿಯಾಗಿ ಆ ದಿಕ್ಕಿನಲ್ಲೇ. ಉಂಗುರ, ಚೌಕಟ್ಟು ಬೆಸೆದುಹೋದವು. ಸೂರ್ಯ ಡಬ್ಬಿಗೆ ಬಿಗಿದಿದೆ. ಯಾವುದೂ ತಿರುಗುವಂತಿಲ್ಲ, ಆದರೆ ಎಂಜಿನ್ ತಿರುಗಿಸುತ್ತಲೇ ಇದೆ. ಏನಾದರೂ ಒಂದು ಮುರಿಯಲೇಬೇಕು.

ಸ್ವಿಚ್ ತೆಗೆದರೂ ಶಂಕು ಅಂಟಿಕೊಂಡು ಓವರ್‌ಡ್ರೈವ್ ಬಿಡದೆ ಉಳಿಯುವುದುಂಟು. ಆಗ ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕೈಬ್ರೇಕ್ ಬಿಟ್ಟು, ಸಮತಟ್ಟಾದ ನೆಲದಲ್ಲಿ ಕಾರನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೆ ನೂಕಿ ನೋಡಿ. ಮುಂದಕ್ಕೆ ಉರುಳುವ ಕಾರು ಹಿಂದಕ್ಕೆ ಜಗ್ಗದಿದ್ದರೆ ಸೂರ್ಯ ಇನ್ನೂ ಸೆರೆಯಲ್ಲಿದ್ದಾನೆ ಎಂದರ್ಥ. ಆ ಕಾರನ್ನು ಮುಂದಕ್ಕೆ ಮಾತ್ರ ಎಳೆದು ವರ್ಕ್‌ಶಾಪಿಗೆ ಒಯ್ಯಬೇಕು.